ದೂರ ಚಿ ರವಾನೆ ಪ್ರಯೋಗಗಳಲ್ಲಿ ಮಿದುಳಿನ ತರಂಗಗಳ ಮಾಪನ

ಮಾತು, ನೋಟ, ಸ್ಪರ್ಶಗಳ ನೆರವಿಲ್ಲದೆ ಒಬ್ಬ ವ್ಯಕ್ತಿಯು ದೂರದಲ್ಲಿರುವ ಇನ್ನೊಬ್ಬರಿಗೆ 'ಚಿ'ಯನ್ನು ಕಳುಹಿಸಬಹುದೆಂಬ ನಂಬಿಕೆಯು ಚೀನಾದ ಚಿಗಾಂಗ್ ಸಾಧಕರಲ್ಲಿದೆ. ಚಿ ಎಂದರೆ ದೇಹದಲ್ಲಿ ಹರಿಯುವುದೆನ್ನಲಾದ ಜೀವಶಕ್ತಿ. ಇದನ್ನು ಯೋಗಶಾಸ್ತ್ರದ 'ಪ್ರಾಣ'ಕ್ಕೆ ಹೋಲಿಸುವುದುಂಟು. ಈ ಶಕ್ತಿಯನ್ನು ನೇರವಾಗಿ ಅಳೆಯುವ ಉಪಕರಣವಿಲ್ಲ. ಆದ್ದರಿಂದ ಸಂಶೋಧಕರು ಸ್ವೀಕರಿಸುವವರ ಮಿದುಳಿನ ತರಂಗಗಳಲ್ಲಿ ಬದಲಾವಣೆಯಾಗುವುದೇ ಎಂದು ಪರೀಕ್ಷಿಸುತ್ತಾರೆ.

ಇತಿಹಾಸ

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಈ ವಿಧಾನವನ್ನು ಇಇಜಿ ಎನ್ನುತ್ತಾರೆ. ಯೌವನದಲ್ಲಿ ಬರ್ಗರ್ ಕುದುರೆಯಿಂದ ಬಿದ್ದು ಅಪಾಯದಿಂದ ಪಾರಾದ ದಿನವೇ, ದೂರದಲ್ಲಿದ್ದ ಸಹೋದರಿಗೆ ಆತಂಕ ಉಂಟಾಗಿ ಮನೆಯಿಂದ ತಂತಿ ಬಂದಿತ್ತು. ಮನಸ್ಸುಗಳ ನಡುವಣ ಸಂಪರ್ಕದ ಬಗೆಗಿನ ಈ ಕುತೂಹಲವೂ ಅವರ ಸಂಶೋಧನೆಗೆ ಪ್ರೇರಣೆಯಾಯಿತು. 1990ರ ದಶಕದಲ್ಲಿ ಜಪಾನಿನ ಚಿಬಾ ನಗರದ ರಾಷ್ಟ್ರೀಯ ವಿಕಿರಣ ವಿಜ್ಞಾನ ಸಂಸ್ಥೆಯಲ್ಲಿ ಮಿಕಿಯೊ ಯಾಮಾಮೊಟೊ ಮತ್ತು ಸಂಗಡಿಗರು ಚಿ ಕಳುಹಿಸುವವರನ್ನೂ ಸ್ವೀಕರಿಸುವವರನ್ನೂ ಬೇರೆ ಬೇರೆ ಕೋಣೆಗಳಲ್ಲಿರಿಸಿ ಇಂತಹ ಪ್ರಯೋಗಗಳನ್ನು ನಡೆಸಿದರು.

ವಿಧಾನ

ಸ್ವೀಕರಿಸುವವರ ನೆತ್ತಿಯ ಮೇಲೆ ಎಲೆಕ್ಟ್ರೋಡ್‌ಗಳನ್ನು ಅಳವಡಿಸಿ, ಮೈಕ್ರೋವೋಲ್ಟ್‌ಗಳಷ್ಟು ಸೂಕ್ಷ್ಮವಾದ ವಿದ್ಯುತ್ ವ್ಯತ್ಯಾಸಗಳನ್ನು ದಾಖಲಿಸಲಾಗುತ್ತದೆ. ಚಿ ಕಳುಹಿಸಿದ ಅವಧಿಯ ತರಂಗಗಳನ್ನು ಕಳುಹಿಸದ ಅವಧಿಯ ತರಂಗಗಳೊಂದಿಗೆ ಹೋಲಿಸುತ್ತಾರೆ. ಹೆಚ್ಚಾಗಿ ಗಮನಿಸುವುದು 8ರಿಂದ 13 ಹರ್ಟ್ಜ್ ಆವರ್ತನದ ಆಲ್ಫಾ ತರಂಗಗಳನ್ನು.

ಫಲಿತಾಂಶಗಳ ಅರ್ಥೈಸುವಿಕೆ

ಆಲ್ಫಾ ತರಂಗಗಳು ಬದಲಾಗಲು ಚಿ ಬೇಕಿಲ್ಲ. ಕಣ್ಣು ಮುಚ್ಚಿದಾಗ ಅವು ಹೆಚ್ಚುತ್ತವೆ. ಕಣ್ಣು ತೆರೆದಾಗ ಇಲ್ಲವೇ ತೂಕಡಿಕೆ ಬಂದಾಗ ಕುಗ್ಗುತ್ತವೆ. ಚಿ ಬರುವ ಸಮಯ ಮೊದಲೇ ತಿಳಿದಿದ್ದರೆ ನಿರೀಕ್ಷೆಯೇ ತರಂಗಗಳನ್ನು ಬದಲಿಸಬಲ್ಲದು. ಆದ್ದರಿಂದ ರವಾನೆಯ ಸಮಯವನ್ನು ಯಾದೃಚ್ಛಿಕವಾಗಿ ಆರಿಸಬೇಕು. ಅದು ಸ್ವೀಕರಿಸುವವರಿಗೂ ದತ್ತಾಂಶವನ್ನು ವಿಶ್ಲೇಷಿಸುವವರಿಗೂ ತಿಳಿದಿರಬಾರದು.

ಸಂಖ್ಯಾಶಾಸ್ತ್ರದ ತೊಡಕೂ ಇದೆ. 19 ಎಲೆಕ್ಟ್ರೋಡ್‌ಗಳಲ್ಲಿ 5 ಬಗೆಯ ತರಂಗಗಳನ್ನು ಪರಿಶೀಲಿಸಿದರೆ ಒಟ್ಟು 95 ಹೋಲಿಕೆಗಳಾಗುತ್ತವೆ. ಶೇಕಡಾ 5ರ ಮಾನದಂಡವನ್ನು ಬಳಸಿದರೆ, ಯಾವ ಪರಿಣಾಮವೂ ಇಲ್ಲದಿದ್ದರೂ ಸರಾಸರಿ ಐದರಷ್ಟು ಹೋಲಿಕೆಗಳು ಕೇವಲ ಆಕಸ್ಮಿಕವಾಗಿ 'ಮಹತ್ವದ' ಬದಲಾವಣೆಯನ್ನು ತೋರಿಸಬಹುದು. ಯಾವ ಎಲೆಕ್ಟ್ರೋಡ್, ಯಾವ ತರಂಗ ಎಂಬುದನ್ನು ಪ್ರಯೋಗಕ್ಕೆ ಮುನ್ನವೇ ನಿರ್ಧರಿಸುವುದು ಇದಕ್ಕೆ ಪರಿಹಾರ.

ವೈಜ್ಞಾನಿಕ ನಿಲುವು

ಕೆಲವು ಪ್ರಯೋಗಗಳು ತರಂಗಗಳಲ್ಲಿ ವ್ಯತ್ಯಾಸ ಕಂಡುದಾಗಿ ವರದಿ ಮಾಡಿವೆ. ಆದರೆ ಸ್ವತಂತ್ರ ಪ್ರಯೋಗಾಲಯಗಳಲ್ಲಿ ಅದೇ ಫಲಿತಾಂಶವು ಸ್ಥಿರವಾಗಿ ಮರುಕಳಿಸಿಲ್ಲ. ಹೀಗಾಗಿ ಚಿಯ ದೂರ ರವಾನೆಯನ್ನು ಮುಖ್ಯವಾಹಿನಿಯ ವಿಜ್ಞಾನವು ಸಾಬೀತಾದ ಸಂಗತಿಯೆಂದು ಒಪ್ಪಿಲ್ಲ. ಇಇಜಿಯು ಮಿದುಳಿನಲ್ಲಿ ಬದಲಾವಣೆಯಾಯಿತೆಂದು ತಿಳಿಸಬಲ್ಲದು. ಅದರ ಕಾರಣವನ್ನು ತಿಳಿಸಬೇಕಾದುದು ಪ್ರಯೋಗದ ವಿನ್ಯಾಸ.