ಹಡಗಿನ ಮುನ್ನಾ ರಾತ್ರಿ ಎಲ್ಲಿ ತಂಗಬೇಕು?

ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಿಗೆ ಸಮುದ್ರ ದೂರ, ಆದರೆ ಮುಂಬೈ ದೂರವಲ್ಲ. ಮುಂಬೈ ಕಡೆಯಿಂದ ಬಂದ ರೈಲುಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಆ ಹಳಿ ಕಲಬುರಗಿಯ ಮೇಲೆಯೇ ಹಾದುಹೋಗಿರುವುದರಿಂದ ನಮ್ಮ ಸೀಮೆಯ ಜನ ದುಡಿಯಲು, ಔಷಧೋಪಚಾರಕ್ಕೆ, ಬಟ್ಟೆ ತರಲು ಮುಂಬೈ ಗಾಡಿಯನ್ನೇ ಹತ್ತುತ್ತ ಬಂದಿದ್ದಾರೆ. ಈಗ ಅದಕ್ಕೆ ಇನ್ನೊಂದು ಕಾರಣ ಸೇರಿದೆ. 2021ರ ಸೆಪ್ಟೆಂಬರಿನಿಂದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆ ಪ್ರವಾಸಿಗರನ್ನು ಕರೆದೊಯ್ಯತೊಡಗಿತು. ಇಂಥ ಹಡಗುಗಳಿಗಾಗಿ ಮುಂಬೈ ಬಂದರದ ಬಲ್ಲಾರ್ಡ್ ಪಿಯರ್‌ನ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾಯಿತು. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಹೊಸದಾಗಿ ಮದುವೆಯಾದವರು ಹಡಗಿನ ಟಿಕೆಟ್ಟಿನ ಬಗ್ಗೆ ವಿಚಾರಿಸುತ್ತಾರೆ. ಟಿಕೆಟ್ಟಿನ ಬಗ್ಗೆ ಹತ್ತು ಕಡೆ ಕೇಳುವವರು ಹಡಗಿನ ಮುನ್ನಾ ರಾತ್ರಿ ಎಲ್ಲಿ ಮಲಗುವುದೆಂದು ಒಬ್ಬರನ್ನೂ ಕೇಳುವುದಿಲ್ಲ. ಅಲ್ಲಿಯೇ ರೊಕ್ಕವೂ ಹೋಗುತ್ತದೆ, ಕೆಲವೊಮ್ಮೆ ಹಡಗೂ ಹೋಗುತ್ತದೆ.

“ಹಡಗು ಬಿಡೋದು ಸಂಜಿಗಿ, ಅವತ್ತೇ ಮುಂಜಾನಿ ಮುಂಬೈ ಮುಟ್ಟಿದ್ರ ಸಾಕು.” ನಾನು ಹೆಚ್ಚು ಸಲ ಕೇಳಿದ ಮಾತು ಇದು, ಹೆಚ್ಚು ಅಪಾಯದ್ದೂ ಇದೇ. ಟಿಕೆಟ್ಟಿನಲ್ಲಿ ಬರೆದಿರುವುದು ಹಡಗು ದಡ ಬಿಡುವ ಸಮಯ. ಹತ್ತುವವರ ಗೇಟು ಅದಕ್ಕಿಂತ ಎಷ್ಟೋ ಮೊದಲೇ ಮುಚ್ಚುತ್ತದೆ. ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಬೇಕು, ಗುರುತಿನ ಚೀಟಿ ತೋರಿಸಬೇಕು, ವಿಮಾನ ನಿಲ್ದಾಣದಲ್ಲಿ ಇರುವಂಥ ತಪಾಸಣೆ ಮುಗಿಯಬೇಕು. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿದೆ. ಹಡಗು ತಪ್ಪಿದರೆ ಟಿಕೆಟ್ಟಿನ ರೊಕ್ಕ ಸಾಮಾನ್ಯವಾಗಿ ಮರಳುವುದಿಲ್ಲ. ಕಲಬುರಗಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹಳಿಯ ದೂರ 570 ಕಿ.ಮೀ. ಆಸುಪಾಸು. ನಡುವೆ ಲೋಣಾವಳ–ಕರ್ಜತ್ ಘಾಟಿದೆ, ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದು ಗಾಡಿಗಳು ತಾಸುಗಟ್ಟಲೆ ನಿಂತದ್ದಿದೆ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಮುಂಜಾನೆ ಕಲಬುರಗಿಯಲ್ಲಿ ಹತ್ತಿದರೆ ಸಂಜೆಯ ನಂತರ ಸಿಎಸ್‌ಎಂಟಿ. ನನ್ನ ಮಟ್ಟಿಗೆ ಹಡಗಿನ ಹಿಂದಿನ ದಿನಕ್ಕೆ ಇದೇ ಸರಿಯಾದ ಗಾಡಿ. ಎರಡು ತಾಸು ತಡವಾದರೂ ರಾತ್ರಿ ಮಲಗಲು ಹೊತ್ತಿರುತ್ತದೆ.

ಆಳಂದ, ಅಫಜಲಪುರದ ಕೆಲವರು ಸೊಲ್ಲಾಪುರದ ವಂದೇ ಭಾರತ್ ನಂಬುತ್ತಾರೆ. 2023ರ ಫೆಬ್ರುವರಿಯಲ್ಲಿ ಶುರುವಾದ ಈ ಗಾಡಿ ನಸುಕಿಗೆ ಸೊಲ್ಲಾಪುರ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಮುಂಬೈ ಮುಟ್ಟಿಸುತ್ತದೆ. ಹಿಂದಿನ ರಾತ್ರಿ ತಂಗಲು ಸೊಲ್ಲಾಪುರದಲ್ಲಿ ಲಾಡ್ಜ್ ಸೋವಿ, ಅದು ನಿಜ. ಆದರೆ ಉಳಿಸಿದ ರೊಕ್ಕಕ್ಕೆ ಪ್ರತಿಯಾಗಿ ಇಡೀ ಪ್ರವಾಸವನ್ನು ಒಂದು ಗಾಡಿಯ ಸಮಯಕ್ಕೆ ಒತ್ತೆ ಇಟ್ಟಂತಾಗುತ್ತದೆ. ವಾರದಲ್ಲಿ ಒಂದು ದಿನ ಆ ಗಾಡಿ ಓಡುವುದೇ ಇಲ್ಲ ಎಂಬುದನ್ನೂ ನೆನಪಿಡಬೇಕು.

“ಹಡಗಿನ ಮುಂಚೆ ಲಾಡ್ಜ್ ಮಾಡೋದು ಸಾಹುಕಾರ ಮಂದಿ ಖರ್ಚು.” ನಮ್ಮ ಅಜ್ಜಂದಿರು ಈ ಮಾತನ್ನು ಒಪ್ಪುತ್ತಿರಲಿಲ್ಲ. ನಿಜಾಮರ ಕಾಲದಲ್ಲೂ ಆಮೇಲೂ ಹೈದರಾಬಾದ್ ಸೀಮೆಯ ಹಜ್ ಯಾತ್ರಿಕರು ಮುಂಬೈಗೆ ಹೋಗಿ ಜಹಾಜು ಹತ್ತುತ್ತಿದ್ದರು. ಲಾಡ್ಲೆ ಮಶಾಯಕರ ದರ್ಗಾ ಇರುವ ಆಳಂದದಲ್ಲಿ, ಬಂದೇ ನವಾಜರ ಕಲಬುರಗಿಯಲ್ಲಿ ಹಳಬರ ಬಾಯಲ್ಲಿ ಇವತ್ತಿಗೂ ‘ಜಹಾಜು’ ಎಂಬ ಪದವಿದೆ. ಅವರಲ್ಲಿ ಬಹಳ ಮಂದಿ ಹೊಲ ಮಾರಿ, ವರ್ಷಗಟ್ಟಲೆ ಕೂಡಿಟ್ಟು ಹೊರಟವರು. ಆದರೂ ಹಡಗಿಗೆ ಎಷ್ಟೋ ದಿನ ಮೊದಲೇ ಮುಂಬೈ ಸೇರಿ ಕಾಯುತ್ತಿದ್ದರು. ಅಂಥವರಿಗಾಗಿಯೇ ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾ ಎದ್ದಿತು. ಆಮೇಲೆ ಸಿಎಸ್‌ಎಂಟಿ ಮಗ್ಗುಲಲ್ಲೇ ಹಜ್ ಹೌಸ್ ಬಂತು. 1995ರಲ್ಲಿ ಹಜ್ ಹಡಗು ನಿಂತುಹೋಯಿತು, ಈಗ ಎಲ್ಲರೂ ವಿಮಾನದಲ್ಲೇ ಹೋಗುತ್ತಾರೆ. ಆದರೆ ಆ ತಂಗುದಾಣಗಳನ್ನು ಕಟ್ಟಿದ ಜಾಗ ನೋಡಿ. ಎರಡೂ ರೈಲು ನಿಲ್ದಾಣಕ್ಕೆ ಹತ್ತಿರ, ಬಂದರಕ್ಕೂ ಬಹಳ ದೂರವಲ್ಲದ ಒಂದು ಗೇಣು ನೆಲದಲ್ಲಿವೆ. ಬಡವನ ರೊಕ್ಕ ಬಲ್ಲವರು ಆರಿಸಿದ ಜಾಗ ಅದು. ಹಡಗಿಗೆ ಹೋಗುವವನು ಇವತ್ತು ಲಾಡ್ಜ್ ಹುಡುಕಬೇಕಾದ ಜಾಗವೂ ಅದೇ.

ಅಲ್ಲಿಂದಲೇ ಮೂರನೆಯ ನಂಬಿಕೆಗೆ ಬರೋಣ: “ಮುಂಬೈದಾಗ ಎಲ್ಲಿ ಉಳದ್ರೂ ಒಂದೇ, ಸೋವಿ ಸಿಕ್ಕಲ್ಲಿ ಉಳಿಯೋದು.” ಮೊಬೈಲಿನಲ್ಲಿ ‘ಮುಂಬೈ’ ಎಂದು ಒತ್ತಿದರೆ ಪನ್ವೇಲ್, ವಾಶಿ, ಅಂಧೇರಿ, ಮೀರಾ ರೋಡ್ ಎಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ, ಮೊದಲು ಕಾಣುವುದು ಬಾಡಿಗೆಯ ಅಂಕಿ. ಬಲ್ಲಾರ್ಡ್ ಪಿಯರ್ ಇರುವುದು ಊರಿನ ದಕ್ಷಿಣ ತುದಿಯಲ್ಲಿ, ಸಿಎಸ್‌ಎಂಟಿಯಿಂದ ಎರಡು ಕಿ.ಮೀ. ಒಳಗೆ. ಉದಾಹರಣೆಗೆ ಪನ್ವೇಲ್ ಕಡೆ 1,500 ರೂಪಾಯಿಯ ಕೋಣೆ, ಬಂದರದ ಹತ್ತಿರದ ಕೋಟೆ (ಫೋರ್ಟ್) ಭಾಗದಲ್ಲಿ 2,500ರ ಕೋಣೆ ಇವೆ ಎಂದಿಟ್ಟುಕೊಳ್ಳಿ. ನಾಲ್ಕು ಮಂದಿ, ಆರು ಬ್ಯಾಗು. ಮುಂಜಾನೆಯ ಲೋಕಲ್ಲಿನಲ್ಲಿ ಆರು ಬ್ಯಾಗು ಹತ್ತಿಸಲಾಗದೆ ಕೊನೆಗೆ ಕಾರು ಮಾಡುತ್ತೀರಿ. ಬಾಡಿಗೆ, ಟ್ರಾಫಿಕ್ಕು ಸೇರಿ ಉಳಿಸಿದ ಸಾವಿರ ಅಲ್ಲಿಗೇ ಮುಗಿಯಿತು. ಬಂದರದ ಹತ್ತಿರ ಉಳಿದವರಿಗೆ ಕರಿ–ಹಳದಿ ಟ್ಯಾಕ್ಸಿಯೇ ಸಾಕು. 2025ರ ಫೆಬ್ರುವರಿಯಿಂದ ಅದರ ಕನಿಷ್ಠ ಮೀಟರ್ 31 ರೂಪಾಯಿ. ಸಿಎಸ್‌ಎಂಟಿ ಹೊರಗೆ ನಿಂತು ಆಟೋ ಹುಡುಕಬೇಡಿ, ಆ ಭಾಗದಲ್ಲಿ ಆಟೋಗಳಿಗೆ ಪ್ರವೇಶವಿಲ್ಲ.

ಗಾಡಿ ಆರಿಸುವಾಗಲೂ ಇದೇ ಎಚ್ಚರ ಬೇಕು. ನಮ್ಮ ಕಡೆಯಿಂದ ಹೋಗುವ ಕೆಲವು ಗಾಡಿಗಳು ಸಿಎಸ್‌ಎಂಟಿಗೆ ಹೋಗದೆ ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಂದರಕ್ಕೆ ಇನ್ನೂ ಅರ್ಧ ಊರು ದಾಟಬೇಕು. ವಿಮಾನ ನಿಲ್ದಾಣದ ಹತ್ತಿರ ಕೋಣೆ ಹಿಡಿಯುವವರಿಗೆ ಈಗ ಒಂದು ಅನುಕೂಲವಿದೆ. 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದ ಮೆಟ್ರೋ 3ನೇ ಮಾರ್ಗ ವಿಮಾನ ನಿಲ್ದಾಣವನ್ನೂ ಸಿಎಸ್‌ಎಂಟಿಯನ್ನೂ ಜೋಡಿಸಿದೆ. ಕೈಚೀಲವೊಂದೇ ಇದ್ದರೆ ಅದು ಚಲೋ ದಾರಿ. ಆದರೆ ರೈಲಿನಲ್ಲಿ ಬರುವ ನಮ್ಮವರು ವಿಮಾನ ನಿಲ್ದಾಣದ ಕಡೆ ಯಾಕೆ ಹೋಗಬೇಕು?

“ಹಡಗು ಗೇಟ್‌ವೇ ಆಫ್ ಇಂಡಿಯಾದಿಂದ ಬಿಡ್ತದ” ಎಂಬುದೂ ತಪ್ಪು. ಅಲ್ಲಿ ಎಲಿಫೆಂಟಾದ ದೋಣಿಗಳಿವೆ, ಭಾವೂಚಾ ಧಕ್ಕಾದಲ್ಲಿ ಮಾಂಡವಾದ ರೋ-ರೋ ದೋಣಿ ಇದೆ. ಟ್ಯಾಕ್ಸಿಯವನಿಗೆ ಬರೇ ‘ಬಂದರು’ ಎಂದರೆ ಸಾಲದು. ಮುಂಬೈ ಬಂದರದ ಗೇಟುಗಳಿಗೆ ಗ್ರೀನ್, ಯೆಲ್ಲೋ, ಆರೆಂಜ್ ಎಂದು ಬಣ್ಣದ ಹೆಸರುಗಳಿವೆ. ಬೋರ್ಡಿಂಗ್ ಪಾಸಿನಲ್ಲಿ ಯಾವ ಗೇಟು ಬರೆದಿದೆ ನೋಡಿ, ಆಮೇಲೆ ಲಾಡ್ಜ್ ಹುಡುಕಿ.

“ಒಂದಿನದ ಬಾಡಿಗಿ ಅಂದ್ರ ಇಪ್ಪತ್ನಾಕು ತಾಸು.” ನಮ್ಮ ಜಿಲ್ಲೆಯ ಬಸ್‌ಸ್ಟ್ಯಾಂಡ್ ಲಾಡ್ಜುಗಳಲ್ಲಿ, ದೇವಲ ಗಾಣಗಾಪುರದಲ್ಲಿ ಉಳಿದು ರೂಢಿಯಾದವರು ಹೀಗೆ ತಿಳಿಯುವುದು ಸಹಜ. ಮುಂಬೈಯಲ್ಲೂ 24 ತಾಸಿನ ಲೆಕ್ಕದ ಹಳೆ ಲಾಡ್ಜುಗಳಿವೆ. ಆದರೆ ಮೊಬೈಲಿನಲ್ಲಿ ಬುಕ್ ಮಾಡುವ ಹೆಚ್ಚಿನವು ಮಧ್ಯಾಹ್ನ 12ಕ್ಕೋ 2ಕ್ಕೋ ಕೋಣೆ ಕೊಟ್ಟು, ಮರುದಿನ 11ರ ಹೊತ್ತಿಗೆ ಬಿಡಿಸುತ್ತವೆ. ರಾತ್ರಿ ಕಲಬುರಗಿಯಲ್ಲಿ ಹುಸೇನ್ ಸಾಗರ ಎಕ್ಸ್‌ಪ್ರೆಸ್ ಹತ್ತಿ ನಸುಕಿಗೆ ಇಳಿದವರು ಐದಕ್ಕೇ ಕೋಣೆ ಕೇಳಿದರೆ ಎರಡು ದಿನದ ಬಾಡಿಗೆ ಬೀಳಬಹುದು. ಅಂಥವರಿಗೆ ರೈಲ್ವೆಯ ರಿಟೈರಿಂಗ್ ರೂಮು, ಡಾರ್ಮಿಟರಿಗಳೇ ಮೇಲು. ಖಾತ್ರಿಯಾದ ಟಿಕೆಟ್ಟಿನ ಪಿಎನ್‌ಆರ್ ಕೊಟ್ಟು ಐಆರ್‌ಸಿಟಿಸಿಯಲ್ಲಿ ಮೊದಲೇ ಕಾದಿರಿಸಬಹುದು. ಬೀಗ ಹಾಕಿದ ಬ್ಯಾಗುಗಳನ್ನು ಕ್ಲೋಕ್ ರೂಮಿನಲ್ಲಿ ಇಡಬಹುದು.

ಬುಕ್ ಮಾಡುವ ಮುಂಚೆ ಒಂದು ಫೋನು ಮಾಡಿ, ಬರೇ ಫೋಟೋ ನಂಬಬೇಡಿ. ಕೋಟೆ ಭಾಗದ ಸೋವಿ ಲಾಡ್ಜುಗಳು ಬಹಳಷ್ಟು ಹಳೆ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಹಡಿಯಲ್ಲಿವೆ. ಲಿಫ್ಟ್ ಇದೆಯೇ, ಅದು ನಡೆಯುತ್ತಿದೆಯೇ? ಮಂಡಿನೋವಿನ ತಾಯಿಯನ್ನು ಕರೆದುಕೊಂಡು ಹೋಗುವವರಿಗೆ ಬಾಡಿಗೆಗಿಂತ ಇದು ದೊಡ್ಡ ಪ್ರಶ್ನೆ. ಬಚ್ಚಲು ಕೋಣೆಯೊಳಗೋ ಹೊರಗೋ? ಬಿಸಿನೀರು ಎಷ್ಟು ಗಂಟೆವರೆಗೆ? ಕೋಣೆ ಬಿಟ್ಟ ಮೇಲೆ ಒಂದೆರಡು ತಾಸು ಬ್ಯಾಗು ಇಟ್ಟುಕೊಳ್ಳುತ್ತಾರೆಯೇ? ಇನ್ನೊಂದು ಮಾತು: ನಮ್ಮಲ್ಲಿ ‘ಹೋಟೆಲ್’ ಅಂದರೆ ಉಪ್ಪಿಟ್ಟು, ಚಹಾ ಸಿಗುವ ಜಾಗ. ಅಲ್ಲಿನ ಸೋವಿ ಹೋಟೆಲುಗಳಲ್ಲಿ ಎಷ್ಟೋ ಕಡೆ ಬರೇ ಹಾಸಿಗೆ, ಊಟ ಇರುವುದಿಲ್ಲ. ಕೋಟೆ ಭಾಗದ ಉಡುಪಿ ಹೋಟೆಲುಗಳಿರುವಾಗ ಅದಕ್ಕೆ ಚಿಂತೆಯಿಲ್ಲ.

“ಸಾವಿರದೊಳಗಿನ ರೂಮಿಗೆ ಟ್ಯಾಕ್ಸ್ ಇಲ್ಲ” ಎಂಬುದು ಹಳೆಯ ಸತ್ಯ. 2022ರ ಜುಲೈ 18ರಂದು ಆ ವಿನಾಯಿತಿ ಹೋಯಿತು, ಶೇ. 12ರ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ. 5. ಈಗಲೂ ಯಾರಾದರೂ 12 ಹಾಕಿದರೆ ಬಿಲ್ಲು ಕೇಳಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದನ್ನು ಕೊಡಲೇಬೇಕೆಂದಿಲ್ಲ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿಯೇ ಹಾಗೆಂದಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪಾಸ್‌ಪೋರ್ಟಿನ ವಿಷಯದಲ್ಲೂ ಗೊಂದಲವಿದೆ. ಗೋವಾ, ಲಕ್ಷದ್ವೀಪದಂಥ ದೇಶದೊಳಗಿನ ಪ್ರವಾಸಕ್ಕೆ ನಮಗೆ ಪಾಸ್‌ಪೋರ್ಟ್ ಬೇಡ, ಗುರುತಿಗೆ ಆಧಾರ್ ಅಥವಾ ಮತದಾರರ ಚೀಟಿ ಸಾಕು. ಪ್ರತಿಯೊಬ್ಬರದೂ ಬೇಕು, ಮಕ್ಕಳದೂ ಸಹ. ಪಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಲಾಡ್ಜಿನವರು ಅದನ್ನು ಒಪ್ಪುವುದು ಕಡಿಮೆ.

ಕೊನೆಯ ನಂಬಿಕೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ, ಅದರೊಳಗೆ ಪ್ರೀತಿ ಇದೆ. “ನಮ್ಮೋರ ಮನಿ ಅದ, ಲಾಡ್ಜಿಗಿ ರೊಕ್ಕ ಯಾಕ?” ಈ ಮೂರು ತಾಲ್ಲೂಕುಗಳಲ್ಲಿ ಮುಂಬೈಯಲ್ಲೋ ಪುಣೆಯಲ್ಲೋ ಒಬ್ಬರೂ ಇಲ್ಲದ ಮನೆತನ ಕಡಿಮೆ. ತೊಗರಿ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಹೋದವರು ಅಲ್ಲಿ ಕಟ್ಟಡದ ಕೆಲಸ ಹಿಡಿದು ಉಳಿದರು. ಅವರ ಮನೆಗಳು ಬಂದರದ ಹತ್ತಿರ ಇಲ್ಲ. ಕಲ್ಯಾಣ, ಡೊಂಬಿವಲಿ, ಇನ್ನೂ ಆಚೆ ಇವೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ 50 ಕಿ.ಮೀ. ಮೇಲಿದೆ, ಮುಂಜಾನೆಯ ಲೋಕಲ್ಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ, ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಹೋದ ರಾತ್ರಿ ಒಂದೇ ಖೋಲಿಯ ಮನೆಯಲ್ಲಿ ಹಾಸಿಗೆ ನಿಮಗೆ ಬಿಟ್ಟು ಅವರು ಬಾಗಿಲ ಬಳಿ ಮಲಗುತ್ತಾರೆ. ಮರುದಿನ ನಿಮಗೆ ದಾರಿ ಗೊತ್ತಿಲ್ಲವೆಂದು ಬ್ಯಾಗು ಹೊತ್ತು ಬಂದರದವರೆಗೆ ಬರುತ್ತಾರೆ. ದಿನಗೂಲಿಯವನಿಗೆ ಅವತ್ತಿನ ಪಗಾರ ಹೋಯಿತು. ನಾವು ಉಳಿಸಿದೆವು ಅಂದುಕೊಂಡ ಲಾಡ್ಜಿನ ಬಾಡಿಗೆಯನ್ನು ತೆತ್ತವನು ಅವನು. ಹೋಗುವಾಗ ನಿಮಗೂ ಗಡಿಬಿಡಿ. ಎರಡು ತುತ್ತು ನುಂಗಿ ಎದ್ದುಬಿಡುತ್ತೀರಿ, ಕೂತು ನಾಲ್ಕು ಮಾತಾಡಲಾಗುವುದಿಲ್ಲ.

ಅವರ ಮನೆಗೆ ಹೋಗಲೇಬೇಕು, ಆದರೆ ಬರುವಾಗ ಹೋಗಿ. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಮರಳಿ ದಡಕ್ಕೆ ಬರುತ್ತದೆ, ಆ ದಿನ ಯಾವ ಗೇಟಿನ ಗಡಿಬಿಡಿಯೂ ಇಲ್ಲ, ಲಾಡ್ಜೂ ಬೇಡ. ಮುಂಜಾನೆಯ ಜನ ಊರೊಳಗೆ ಬರುವ ಹೊತ್ತಿಗೆ ಕಲ್ಯಾಣದ ಕಡೆ ಹೋಗುವ ಲೋಕಲ್ಲಿನಲ್ಲಿ ಕೂರಲು ಜಾಗ ಸಿಗುತ್ತದೆ. ಊರಿನಿಂದ ತಂದ ಶೇಂಗಾ ಹಿಂಡಿ, ಕಡಕ್ ರೊಟ್ಟಿಯ ಗಂಟನ್ನು ಅವರ ಮನೆಯಲ್ಲೇ ಬಿಚ್ಚಿ. ಸಂಜೆ ಅವರು ಕೆಲಸದಿಂದ ಬರುವವರೆಗೂ ಕಾಯಿರಿ. ಹೈದರಾಬಾದಿಗೆ ಹೊರಡುವ ಹುಸೇನ್ ಸಾಗರ ರಾತ್ರಿ ಸಿಎಸ್‌ಎಂಟಿ ಬಿಟ್ಟು ಕಲ್ಯಾಣದಲ್ಲೂ ನಿಲ್ಲುತ್ತದೆ. ಟಿಕೆಟ್ ತೆಗೆಸುವಾಗಲೇ ಹತ್ತುವ ನಿಲ್ದಾಣ ಕಲ್ಯಾಣ ಎಂದು ಬರೆಸಿದರೆ ಊಟ ಮುಗಿಸಿ ಅಲ್ಲಿಂದಲೇ ಗಾಡಿ ಹತ್ತಬಹುದು. ಬೆಳಗಾಗುವುದರೊಳಗೆ ಸೊಲ್ಲಾಪುರ ದಾಟಿರುತ್ತದೆ, ಮುಂದೆ ಕಲಬುರಗಿ.