ಧನುರ್ವಾಯು ಲಸಿಕೆ: ಎಷ್ಟು ವರ್ಷಕ್ಕೊಮ್ಮೆ?



ಕಳೆದ ತಿಂಗಳು ಬಾಗಲೂರಿನ ಒಂದು ದ್ರಾಕ್ಷಿ ತೋಟದಲ್ಲಿದ್ದೆ. ಚಪ್ಪರ ಬಿಗಿಯುತ್ತಿದ್ದ ಯಜಮಾನರ ಅಂಗೈಗೆ ತಂತಿ ಆಳವಾಗಿ ಚುಚ್ಚಿತು. "ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದಿರಿ?" ಎಂದು ಕೇಳಿದೆ. ನೆನಪಾಗಲಿಲ್ಲ. ಕೊಟ್ಟಿಗೆಯ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನವನ್ನು ಮಾತ್ರ ಥಟ್ಟನೆ ಹೇಳಿದರು. ನಗು ಬಂತು, ಆದರೆ ನನ್ನ ತಾರೀಖನ್ನು ನಾನೂ ಮನೆಗೆ ಹೋಗಿಯೇ ನೋಡಬೇಕಾಯಿತು.

ತುಕ್ಕಿನಿಂದಲೇ ಈ ರೋಗ ಬರುತ್ತದೆಂಬುದು ಸರಿಯಲ್ಲ. ಇದರ ಅಣುಜೀವಿ ಮಣ್ಣಿನಲ್ಲಿ, ಸಗಣಿಯಲ್ಲಿ, ಕುದುರೆ ಲದ್ದಿಯಲ್ಲಿ ಬೀಜದಂತೆ ವರ್ಷಗಟ್ಟಲೆ ಉಳಿದಿರುತ್ತದೆ. ಗಾಳಿಯಾಡದ ಗಾಯ ಸಿಕ್ಕರೆ ಮೊಳೆತು ವಿಷ ಬಿಡುತ್ತದೆ. ಆದ್ದರಿಂದ ರಕ್ತ ಬಾರದ ಮುಳ್ಳಿನ ಗಾಯವೂ ಅಪಾಯವೇ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಧನುಸ್ಸಿನ ಹೆಸರು ಬಂದದ್ದು ಹಾಗೆ. ಒಮ್ಮೆ ಬಂದು ವಾಸಿಯಾದವರಿಗೂ ಇದು ಮತ್ತೆ ಬರಬಹುದು. ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದೆಂದರೆ ಆ ಬೀಜವನ್ನು ನಾವೇ ಬಿತ್ತಿದಂತೆ. ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ.

ದೇಶದಲ್ಲಿ ಮಕ್ಕಳ ಲಸಿಕೆಯ ವಿಸ್ತೃತ ಕಾರ್ಯಕ್ರಮ 1978ರಲ್ಲಿ, ಸಾರ್ವತ್ರಿಕ ಕಾರ್ಯಕ್ರಮ 1985ರಲ್ಲಿ ಆರಂಭವಾದವು. ಹೆಂಗಸರಿಗೆ ಬಸಿರಿನಲ್ಲಿ ಈ ಲಸಿಕೆ ಕೊಡುತ್ತಾರೆ. ತಾಯಿ ಮತ್ತು ಹಸುಗೂಸುಗಳ ಧನುರ್ವಾಯು ನಿಯಂತ್ರಣಕ್ಕೆ ಬಂದುದನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಬಾಕಿ ಉಳಿದವರು ಹೆಚ್ಚಾಗಿ ವಯಸ್ಸಾದ ಗಂಡಸರು. ಇವರು ಗಾಯವಾದಾಗ ಒಂದು ಸೂಜಿ ಚುಚ್ಚಿಸಿಕೊಂಡು ಸುಮ್ಮನಾದರೆ ಸಾಲದು. ಮೂರು ಬೇಕು: ಮೊದಲ ಎರಡರ ನಡುವೆ ನಾಲ್ಕು ವಾರ, ಆರರಿಂದ ಹನ್ನೆರಡು ತಿಂಗಳಿಗೆ ಮೂರನೆಯದು.

ಮಕ್ಕಳಿಗೆ ಎಳೆತನದ ಲಸಿಕೆಗಳಾದ ಮೇಲೆ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುತ್ತಾರೆ. ಹಿಂದಿನ ಟಿ.ಟಿ. ಬದಲು 2019ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಟಿ.ಡಿ. ಬಂದಿದೆ, ಇದು ಗಂಟಲಮಾರಿಯನ್ನೂ ತಡೆಯುತ್ತದೆ. ಆಮೇಲೆ ಹತ್ತು ವರ್ಷಕ್ಕೊಮ್ಮೆ ಸಾಕು. ಮೊದಲ ಮೂರು ಸರಿಯಾಗಿ ಆಗಿದ್ದರೆ, ಚಿಕ್ಕ ಸ್ವಚ್ಛ ಗಾಯಕ್ಕೆ ಹತ್ತು ವರ್ಷದೊಳಗೆ ಮತ್ತೆ ಬೇಡ. ಗಾಯ ಆಳವಾಗಿ, ಮಣ್ಣು ಸಗಣಿ ಸೇರಿದ್ದು, ಹಿಂದಿನ ಲಸಿಕೆಗೆ ಐದು ವರ್ಷ ಕಳೆದಿದ್ದರೆ ಹಾಕಿಸಲೇಬೇಕು. ಎಂದೂ ಹಾಕಿಸದವರಿಗೆ ಇಂಥ ಗಾಯವಾದರೆ, ತಕ್ಷಣ ವಿಷ ತಡೆಯುವ ಇನ್ನೊಂದು ಚುಚ್ಚುಮದ್ದನ್ನೂ ವೈದ್ಯರು ಕೊಡುತ್ತಾರೆ. ಲಸಿಕೆಯ ಬಲ ಬರಲು ವಾರಗಳು ಹಿಡಿಯುತ್ತವೆ.

ಪ್ರತಿ ತರಚಿಗೂ ಸೂಜಿ ಕೇಳುವವರೂ ನಮ್ಮಲ್ಲಿದ್ದಾರೆ. ಇದೂ ತಪ್ಪು. ಮೇಲಿಂದ ಮೇಲೆ ಹಾಕಿಸಿದರೆ ಕೆಲವರಿಗೆ ಭುಜದಿಂದ ಮೊಣಕೈವರೆಗೆ ತೋಳು ಊದಿ ಬಹಳ ನೋಯುತ್ತದೆ. ಹಾಗೆ ಆದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸಾಮಾನ್ಯ ತೊಂದರೆ ಸಣ್ಣದು: ಚುಚ್ಚಿದ ಕಡೆ ನೋವು, ಕೆಂಪು, ಸ್ವಲ್ಪ ಜ್ವರ. ಎರಡು ಮೂರು ದಿನಕ್ಕೆ ಇಳಿಯುತ್ತದೆ. ತಣ್ಣೀರು ಬಟ್ಟೆ ಇಡಬಹುದು, ಉಜ್ಜಬೇಡಿ. ನಮ್ಮ ಯಜಮಾನರು ಅಂದೇ ಮೊದಲನೆಯದನ್ನು ಹಾಕಿಸಿಕೊಂಡರು. ಎರಡು ದಿನ ಹಾಲು ಕರೆಯಲು ತೋಳು ಬಗ್ಗಲಿಲ್ಲವೆಂದು ನನ್ನನ್ನೇ ಬೈದರು!

ತೀರ ಅಪರೂಪಕ್ಕೆ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು, ಉಸಿರುಕಟ್ಟು, ತಲೆಸುತ್ತು ಬರಬಹುದು. ಅದಕ್ಕಾಗಿ ಅರ್ಧ ಗಂಟೆ ಆರೋಗ್ಯ ಕೇಂದ್ರದಲ್ಲೇ ಕುಳಿತಿರಿ. ಬಸ್ಸು ತಪ್ಪಿದರೆ ತಪ್ಪಲಿ.