ಹಲವರು ಕಟ್ಟಿದ ತಂತ್ರಾಂಶ, ಎಲ್ಲರ ಜಾಲತಾಣ

ರಾಯಚೂರು ಜಿಲ್ಲಾಡಳಿತದ ಜಾಲತಾಣ ತೆರೆದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪುಟಗಳು ಸಿಗುತ್ತವೆ. ಕಣ್ಣು ಮಂಜಾದವರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದು. ಟೆಂಡರ್, ನೇಮಕಾತಿ ಅಧಿಸೂಚನೆ, ತಾಲ್ಲೂಕುಗಳ ವಿವರ ಎಲ್ಲವೂ ಒಂದೇ ಅಚ್ಚುಕಟ್ಟಿನಲ್ಲಿ ಕೂತಿರುತ್ತವೆ. ದೇಶದ ಬೇರೆ ಜಿಲ್ಲೆಗಳ ತಾಣಗಳೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಕಾರಣ, ಇವೆಲ್ಲ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿದ ‘ಎಸ್‌ಥ್ರೀವಾಸ್’ ಎಂಬ ಒಂದೇ ವ್ಯವಸ್ಥೆಯಲ್ಲಿ ನಡೆಯುತ್ತವೆ. ಆ ವ್ಯವಸ್ಥೆಯ ತಳಪಾಯದಲ್ಲಿರುವುದು ವರ್ಡ್‌ಪ್ರೆಸ್. ಯಾವ ಸರ್ಕಾರವೂ ಬರೆಸದ, ಯಾರೊಬ್ಬರ ಸ್ವತ್ತೂ ಅಲ್ಲದ, ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದ ಮುಕ್ತ ತಂತ್ರಾಂಶ ಅದು.

ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇದರಲ್ಲೇ ನಡೆಯುತ್ತಿವೆ.

ಜಾಲತಾಣಗಳ ಮೊದಲ ದಿನಗಳಲ್ಲಿ ಪ್ರತಿ ಪುಟವನ್ನೂ ಎಚ್‌ಟಿಎಂಎಲ್ ಸಂಕೇತಗಳಲ್ಲಿ ಕೈಯಾರೆ ಬರೆಯಬೇಕಿತ್ತು. ಒಂದು ದೂರವಾಣಿ ಸಂಖ್ಯೆ ಬದಲಾದರೂ ಆ ವಿದ್ಯೆ ಬಲ್ಲವರನ್ನೇ ಹುಡುಕಬೇಕಿತ್ತು. ಈ ತೊಡಕನ್ನು ನೀಗಿದ್ದು ವಿಷಯ ನಿರ್ವಹಣಾ ವ್ಯವಸ್ಥೆ, ಎಂದರೆ ಸಿಎಂಎಸ್. ಬರಹ, ಚಿತ್ರಗಳೆಲ್ಲ ದತ್ತಸಂಚಯದಲ್ಲಿ ಉಳಿಯುತ್ತವೆ. ಪುಟದ ಅಂದಚಂದವನ್ನು ‘ಥೀಮ್’ ನೋಡಿಕೊಳ್ಳುತ್ತದೆ. ತಾಣ ನಡೆಸುವವರು ಲಾಗಿನ್ ಆಗಿ, ಟೈಪ್ ಮಾಡಿ, ಪ್ರಕಟಿಸು ಎಂದು ಒತ್ತಿದರೆ ಸಾಕು. ಈ ಬಗೆಯ ಮುಕ್ತ ತಂತ್ರಾಂಶಗಳಲ್ಲಿ ವರ್ಡ್‌ಪ್ರೆಸ್, ಡ್ರುಪಾಲ್, ಜೂಮ್ಲಾ ಮೂರೂ ಹೆಸರಾದವು.

ವರ್ಡ್‌ಪ್ರೆಸ್ ಹುಟ್ಟಿದ್ದೇ ಒಂದು ಅನಾಥ ತಂತ್ರಾಂಶದಿಂದ. ಮಿಶೆಲ್ ವಾಲ್ಡ್ರಿಗಿ ಎಂಬವರು ಬರೆದಿದ್ದ ‘ಬಿ2’ ತಂತ್ರಾಂಶದ ಕೆಲಸ ನಿಂತುಹೋಗಿತ್ತು. ಅದನ್ನೇ ನೆಚ್ಚಿಕೊಂಡಿದ್ದ ಅಮೆರಿಕದ ವಿದ್ಯಾರ್ಥಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಸೇರಿ ಕೆಲಸ ಮುಂದುವರಿಸಿದರು. 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಹೊರಬಂತು. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಅನುಮತಿ ಬೇಡದೆ ಎತ್ತಿಕೊಳ್ಳಲು ದಾರಿ ಮಾಡಿಕೊಟ್ಟದ್ದು ‘ಜಿಪಿಎಲ್’ ಎಂಬ ಪರವಾನಗಿ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ಮೂಲ ಕರ್ತೃಗಳ ಹೆಸರನ್ನು ಅಳಿಸುವಂತಿಲ್ಲ, ಮುಂದಿನವರಿಗೆ ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಅವರಿಗೂ ಕೊಡಬೇಕು.

ರಾಯಚೂರು ಸೀಮೆಗೆ ಈ ಪದ್ಧತಿ ಹೊಸದಾಗಿ ತೋರಬೇಕಿಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯ ಹರಿದಾಸ ವಿಜಯದಾಸರಿಂದ ಅಂಕಿತವನ್ನು, ಅಂದರೆ ಕೀರ್ತನೆಯಲ್ಲಿ ಕರ್ತೃವಿನ ಗುರುತಾಗಿ ಬರುವ ಹೆಸರನ್ನು, ಪಡೆದವರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು. ಗೋಪಾಲದಾಸರ ಶಿಷ್ಯರಾದವರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು. ಈ ಮೂವರ ಕೀರ್ತನೆಗಳನ್ನು ಎಷ್ಟೋ ತಲೆಮಾರುಗಳು ಹಾಡಿವೆ, ಬೇರೆ ಬೇರೆ ರಾಗಗಳಿಗೆ ಒಗ್ಗಿಸಿಕೊಂಡಿವೆ. ಯಾರೂ ಯಾರನ್ನೂ ಅಪ್ಪಣೆ ಕೇಳಲಿಲ್ಲ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳು ಮಾತ್ರ ಹಾಗೇ ಉಳಿದವು.

ವರ್ಡ್‌ಪ್ರೆಸ್ ಇಷ್ಟು ಹರಡಲು ಮುಖ್ಯ ಕಾರಣ 2004ರಲ್ಲಿ ಬಂದ 1.2ನೇ ಆವೃತ್ತಿ. ‘ಪ್ಲಗಿನ್’ ವ್ಯವಸ್ಥೆ ಸೇರಿದ್ದು ಅದರಲ್ಲೇ. ಪ್ಲಗಿನ್ ಎಂದರೆ ಮೂಲ ತಂತ್ರಾಂಶವನ್ನು ಮುಟ್ಟದೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಹೆಚ್ಚುವರಿ ತಂತ್ರಾಂಶ. ಡ್ರುಪಾಲ್‌ನವರು ಇದನ್ನೇ ಮಾಡ್ಯೂಲ್ ಎನ್ನುತ್ತಾರೆ, ಜೂಮ್ಲಾದವರು ಎಕ್ಸ್‌ಟೆನ್ಷನ್ ಎನ್ನುತ್ತಾರೆ. ವರ್ಡ್‌ಪ್ರೆಸ್ ಒಂದು ಪುಟವನ್ನು ಸಿದ್ಧಪಡಿಸುವಾಗ ಹಲವು ಹಂತಗಳಲ್ಲಿ ‘ಇಲ್ಲಿ ಯಾರಿಗಾದರೂ ಕೆಲಸವಿದೆಯೇ’ ಎಂದು ಕೇಳಿ ಮುಂದುವರಿಯುತ್ತದೆ. ಆ ಹಂತಗಳ ಹೆಸರು ‘ಹುಕ್’. ಪುಟದ 1, 2, 3 ಎಂಬ ಅಂಕಿಗಳನ್ನು ಕನ್ನಡದ ಅಂಕಿಗಳಾಗಿ ಬದಲಿಸಬೇಕು ಎನ್ನಿ. ಬರಹ ತೆರೆಗೆ ಹೋಗುವ ಮುಂಚಿನ ಹುಕ್‌ಗೆ ಹತ್ತಿಪ್ಪತ್ತು ಸಾಲಿನ ಕೋಡ್ ಜೋಡಿಸಿದರೆ ಆಯಿತು. ಬೇಡವೆನಿಸಿದ ದಿನ ಪ್ಲಗಿನ್ ತೆಗೆದರೆ ತಾಣ ಮೊದಲಿನಂತಾಗುತ್ತದೆ.

ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿ ಇಂಥ ಹತ್ತಾರು ಸಾವಿರ ಪ್ಲಗಿನ್‌ಗಳು ಉಚಿತವಾಗಿ ಸಿಗುತ್ತವೆ. ಮಾನ್ವಿಯ ಶಾಲೆಯೊಂದು ಪ್ರವೇಶ ವಿಚಾರಣೆಗೆ ತನ್ನ ತಾಣದಲ್ಲಿ ಅರ್ಜಿ ನಮೂನೆ ಇಡಬಯಸಿದರೆ ಜಪಾನಿನ ತಕಾಯುಕಿ ಮಿಯೋಷಿ ಬರೆದ ‘ಕಾಂಟ್ಯಾಕ್ಟ್ ಫಾರ್ಮ್ 7’ ಇದೆ; ಜಗತ್ತಿನ ಐವತ್ತು ಲಕ್ಷಕ್ಕೂ ಹೆಚ್ಚು ತಾಣಗಳು ಅದನ್ನು ಬಳಸುತ್ತಿವೆ. ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಪುಟ ಬೇಕೆಂದರೆ ‘ಪಾಲಿಲ್ಯಾಂಗ್’ ಇದೆ. ದೇವದುರ್ಗದ ಸ್ವಸಹಾಯ ಸಂಘವೊಂದು ತನ್ನ ರೊಟ್ಟಿ, ಶೇಂಗಾ ಹಿಂಡಿಯನ್ನು ತಾಣದ ಮೂಲಕ ಮಾರಬೇಕೆಂದರೆ ‘ವೂಕಾಮರ್ಸ್’ ಇದೆ. ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ; ಡೊಮೇನ್ ಹೆಸರಿಗೆ, ತಾಣವನ್ನು ಇಡುವ ಸರ್ವರ್‌ಗೆ ವರ್ಷದ ಬಾಡಿಗೆ ಕಟ್ಟಬೇಕು, ಅಷ್ಟೆ.

ಇದೆಲ್ಲದರ ಹಿಂದಿರುವ ಸಮುದಾಯ ಮಾಡುವ ಕೆಲಸ ಬಗೆಬಗೆಯದು. ಹೊಸ ಪ್ಲಗಿನ್ ಸಂಗ್ರಹ ಸೇರುವ ಮೊದಲು ಅದರ ಕೋಡ್ ಪರಿಶೀಲನೆಯಾಗುತ್ತದೆ. ಜಿಪಿಎಲ್‌ಗೆ ಹೊಂದದ್ದು ಒಳಗೆ ಬರುವುದಿಲ್ಲ. ಭದ್ರತೆಯ ದೋಷ ಕಂಡರೆ ಅದು ಸರಿಯಾಗುವವರೆಗೆ ಪ್ಲಗಿನ್‌ನ ಪುಟವನ್ನೇ ಮುಚ್ಚುತ್ತಾರೆ. ‘ನನ್ನ ತಾಣ ಬೆಳ್ಳಗಾಗಿ ನಿಂತಿದೆ, ಏನು ಮಾಡಲಿ’ ಎಂದು ಕೇಳಿದ ಅಪರಿಚಿತರಿಗೆ ಇನ್ನಾವುದೋ ದೇಶದವರು ಬಿಡುವಿನಲ್ಲಿ ಕೂತು ಉತ್ತರಿಸುತ್ತಾರೆ. ಬಹಳಷ್ಟು ಜನಕ್ಕೆ ಇದರಿಂದ ಸಂಬಳವಿಲ್ಲ.

ಹಾಗೆಂದು ಸಿಕ್ಕ ಪ್ಲಗಿನ್‌ಗಳನ್ನೆಲ್ಲ ಹಾಕಿಕೊಳ್ಳುವುದು ಸರಿಯಲ್ಲ. ಒಬ್ಬರೇ ನೋಡಿಕೊಳ್ಳುತ್ತಿರುವ ಪ್ಲಗಿನ್ ಅವರ ಬಿಡುವು ಮುಗಿದ ದಿನ ಅನಾಥವಾಗುತ್ತದೆ. ಕೊನೆಯ ಬಾರಿ ಯಾವಾಗ ಪರಿಷ್ಕರಿಸಿದ್ದಾರೆ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷಿಸಿದ್ದಾರೆ, ಬಳಕೆದಾರರ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆಯೇ ಎಂಬ ಮೂರನ್ನು ನೋಡಿಯೇ ಆರಿಸಬೇಕು. ಈ ವಿವರ ಪ್ರತಿ ಪ್ಲಗಿನ್‌ನ ಪುಟದಲ್ಲೂ ಇರುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಪ್ಲಗಿನ್‌ಗಳನ್ನು ಯಾರೋ ಬಿಟ್ಟಿಯಾಗಿ ಹಂಚುವ ಕಡೆಯಿಂದ ತಂದರೆ ಅದರ ಜೊತೆ ದುರುದ್ದೇಶದ ಕೋಡ್ ನುಸುಳುವ ಅಪಾಯವಿದೆ.

ಕನ್ನಡಿಗರಿಗೂ ಈ ಲೋಕಕ್ಕೂ ನಂಟು ಹಳೆಯದು. ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲಿ ಕನ್ನಡದ ಮೊದಲ ಜಾಲತಾಣವಾಗಿ ಬಂತು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಸಮುದಾಯ ತಾಣ ಡ್ರುಪಾಲ್ ಬಳಸಿತು. ಕನ್ನಡದಲ್ಲಿ ಬರೆಯುವವರ ದೊಡ್ಡ ಬಳಗವೇ ಅಲ್ಲಿ ಬೆಳೆಯಿತು. ಜಿ.ಎನ್. ಮೋಹನ್ ಅವರ ‘ಅವಧಿ’ ವರ್ಡ್‌ಪ್ರೆಸ್‌ನಲ್ಲಿ ಹುಟ್ಟಿತು. ಮುದ್ರಣದ ಖರ್ಚಿಲ್ಲದೆ ಸಾಹಿತ್ಯ ಪತ್ರಿಕೆ ನಡೆಸುವ ದಾರಿಯನ್ನು ಇಂಥ ತಾಣಗಳು ಕನ್ನಡಕ್ಕೆ ತೋರಿಸಿದವು.

ಹೆಚ್ಚುವರಿ ತಂತ್ರಾಂಶ ಒಂದು ಭಾಷೆಗೆ ಎಷ್ಟು ಉಪಕಾರ ಮಾಡಬಲ್ಲದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಇದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತದೆ. ಆಗೆಲ್ಲ ಕನ್ನಡ ಟೈಪಿಸಲು ಹೆಚ್ಚಿನವರು ನುಡಿ ಅಥವಾ ಬರಹದಂಥ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುತ್ತಿದ್ದರು. ಸೈಬರ್ ಕೆಫೆಯಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಕೂತವರಿಗೆ ಆ ಅನುಕೂಲವಿರಲಿಲ್ಲ. ಮಲಯಾಳಂ ವಿಕಿಪೀಡಿಯದವರ ಅಗತ್ಯದಿಂದ ಹುಟ್ಟಿದ ‘ನಾರಾಯಂ’ ಎಂಬ ಎಕ್ಸ್‌ಟೆನ್ಷನ್ ಈ ಕೊರತೆ ನೀಗಿತು. ಮುಂದೆ 2013ರಲ್ಲಿ ಬಂದ ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಅದರ ಜಾಗ ತುಂಬಿತು. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಯಾವುದರಲ್ಲಾದರೂ ಟೈಪಿಸಬಹುದು. ಕಂಪ್ಯೂಟರಿನಲ್ಲಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಮಲಯಾಳಿಗರಿಗೆಂದು ಬರೆದ ಕೋಡ್ ಕನ್ನಡಿಗರ ಬೆರಳಿಗೆ ಬಂದದ್ದು ಪರವಾನಗಿ ಮುಕ್ತವಾಗಿದ್ದುದರಿಂದ.

ಆದರೂ ಇಂಗ್ಲಿಷ್ ಬಳಸುವವರು ಕಟ್ಟಿದ ವ್ಯವಸ್ಥೆಗೆ ಕನ್ನಡ ಪೂರ್ತಿ ಒಗ್ಗಿಲ್ಲ. ಲ್ಯಾಟಿನ್ ಲಿಪಿಗೆ ಅಳೆದು ಮಾಡಿದ ಥೀಮ್‌ಗಳಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿಹೋಗುತ್ತದೆ. ಲೇಖನದ ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನೇ ಮಾಡಿಕೊಳ್ಳುವ ವಿಳಾಸದ ಕಷ್ಟ ಇನ್ನೊಂದು. ಆ ವಿಳಾಸಕ್ಕೆ ಮೀಸಲಾದ ಜಾಗ 200 ಅಕ್ಷರದ್ದು. ಇಂಗ್ಲಿಷಿನ ಒಂದು ಅಕ್ಷರ ಒಂದೇ ಸ್ಥಾನ ಹಿಡಿದರೆ, ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಒಂಬತ್ತು ಸ್ಥಾನ ತಿನ್ನುತ್ತದೆ. ಕಾಗುಣಿತದ ಚಿಹ್ನೆಗೂ ಬೇರೆ ಲೆಕ್ಕ. ‘ರಾಯಚೂರು’ ಎಂಬುದರಲ್ಲಿ ಏಳು ಸಂಕೇತ, ಅಂದರೆ 63 ಸ್ಥಾನ. ‘ದೇವದುರ್ಗ’ಕ್ಕೆ 72, ‘ಮಾನ್ವಿ’ಗೆ 54. ನಡುವೆ ಎರಡು ಅಡ್ಡಗೆರೆ ಸೇರಿಸಿದರೆ 191. ಮೂರು ಊರಿನ ಹೆಸರಿಗೇ ಜಾಗ ಮುಗಿಯಿತು. ಶೀರ್ಷಿಕೆಯ ಉಳಿದ ಭಾಗ ವಿಳಾಸದಲ್ಲಿ ಕತ್ತರಿಸಿಹೋಗುತ್ತದೆ. ಅನುಭವಿಗಳು ವಿಳಾಸವನ್ನು ಕೈಯಾರೆ ಚಿಕ್ಕದು ಮಾಡುತ್ತಾರೆ. ಇದನ್ನು ತಾನಾಗಿ ಮಾಡುವ ಪುಟ್ಟ ಪ್ಲಗಿನ್ ಬರೆಯುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಳ್ಳೆಯ ಪ್ರಾಜೆಕ್ಟ್.

ಅನುವಾದದ ಕೆಲಸ ಮತ್ತೂ ಸೂಕ್ಷ್ಮ. ತಂತ್ರಾಂಶದೊಳಗಿನ ಮಾತುಗಳು ಬಿಡಿ ಬಿಡಿ ತುಣುಕುಗಳಾಗಿರುತ್ತವೆ; ಊರಿನ ಹೆಸರು ಬರಬೇಕಾದ ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಯಾವ ಹೆಸರಿನ ಹಿಂದೆಯೂ ‘ಇನ್’ ಇಟ್ಟರೆ ನಡೆಯುತ್ತದೆ. ಕನ್ನಡದಲ್ಲಿ ರಾಯಚೂರಿನಲ್ಲಿ, ದೇವದುರ್ಗದಲ್ಲಿ, ಮಾನ್ವಿಯಲ್ಲಿ ಎಂದು ಮೂರಕ್ಕೂ ಮೂರು ಬಗೆ. ಯಂತ್ರ ‘ರಾಯಚೂರು ನಲ್ಲಿ’ ಎಂದು ಜೋಡಿಸಿದರೆ ಓದುಗನ ಕಿವಿಗೆ ಕಟುವಾಗಿ ಕೇಳುತ್ತದೆ. ಬಲ್ಲ ಅನುವಾದಕರು ವಾಕ್ಯವನ್ನೇ ಮುರಿದು ‘ಸ್ಥಳ: ರಾಯಚೂರು’ ಎಂದು ಬರುವಂತೆ ಕಟ್ಟುತ್ತಾರೆ. ಇಂಥ ನಿರ್ಧಾರಕ್ಕೆ ಬೇಕಾದದ್ದು ಭಾಷೆಯ ನಾಡಿಮಿಡಿತ ಬಲ್ಲ ಮನುಷ್ಯರು. ವರ್ಡ್‌ಪ್ರೆಸ್‌ನ ಅನುವಾದ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಖಾತೆ ತೆರೆದು ಒಂದೊಂದೇ ಸಾಲಿಗೆ ಕನ್ನಡ ಸೂಚಿಸಬಹುದು. ಆ ಭಾಷೆಯ ಸಂಪಾದಕರು ನೋಡಿ ಒಪ್ಪಿದರೆ ಅದು ಜಗತ್ತಿನ ಎಲ್ಲ ಕನ್ನಡ ತಾಣಗಳಿಗೂ ತಲುಪುತ್ತದೆ.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳ ವಿದ್ಯಾರ್ಥಿಗಳು ಓದಿನ ಜೊತೆಗೇ ಕನ್ನಡ ವಿಕಿಪೀಡಿಯಕ್ಕೆ ಬರೆದಿದ್ದಾರೆ. ರಾಯಚೂರಿಗೂ ಆ ಶಕ್ತಿ ಇದೆ. 2019ರಲ್ಲಿ ಆರಂಭವಾದ ಐಐಐಟಿ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲಿಯೇ ಇವೆ. ಮಾನ್ವಿ, ದೇವದುರ್ಗಗಳಲ್ಲಿ ಪದವಿ ಕಾಲೇಜುಗಳಿವೆ. ಕೋಡ್ ಬಲ್ಲವರು ಪ್ಲಗಿನ್ ಬರೆಯಲಿ. ಕನ್ನಡ ವಿಭಾಗದವರು ಅನುವಾದಕ್ಕೆ ಕೂರಲಿ. ದಾಸಸಾಹಿತ್ಯದ ಹಳೆಯ ಮುದ್ರಣಗಳಲ್ಲಿ ಕೃತಿಸ್ವಾಮ್ಯದ ಅವಧಿ ಮುಗಿದವನ್ನು ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಏರಿಸಬಹುದು. ಅಲ್ಲಿನ ‘ಪ್ರೂಫ್‌ರೀಡ್ ಪೇಜ್’ ಎಕ್ಸ್‌ಟೆನ್ಷನ್ ಪುಸ್ತಕದ ಸ್ಕ್ಯಾನ್ ಪುಟವನ್ನೂ ಟೈಪಿಸಿದ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ತಿದ್ದಲು ಕೊಡುತ್ತದೆ.

ಕಾಲೇಜಿನ ಪ್ರಾಚಾರ್ಯರು, ಗ್ರಂಥಪಾಲಕರು ವಾರಕ್ಕೊಂದು ಮಧ್ಯಾಹ್ನ ಲ್ಯಾಬ್ ಬಿಟ್ಟುಕೊಟ್ಟರೆ ಕೆಲಸ ಶುರುವಾಗುತ್ತದೆ. ಅನುವಾದಕ್ಕೆ ಸೇರಲು ಶುಲ್ಕವಿಲ್ಲ, ಕಂಪ್ಯೂಟರ್ ಪದವಿಯೂ ಬೇಡ. ಕನ್ನಡ ಚೆನ್ನಾಗಿ ಬರಬೇಕು, ಒಂದು ಇಮೇಲ್ ವಿಳಾಸ ಇರಬೇಕು.